ತುಂಬು ಗಬ್ಬದ ಹಸುವಿನ ರಕ್ತ ವರದಿ: ‘ಹೆಚ್ಚು’ ಎಂದಾಕ್ಷಣ ಸೋಂಕಲ್ಲ



ಕಳೆದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಸಂಘಕ್ಕೆ ಹಾಲು ಹಾಕಲು ಬಂದಿದ್ದ ಅಮ್ಮನೊಬ್ಬರು ಮಡಚಿದ ಕಾಗದವೊಂದನ್ನು ನನ್ನ ಕೈಗೆ ಕೊಟ್ಟರು. ಅವರ ಎಚ್‌.ಎಫ್‌. ಮಿಶ್ರತಳಿ ಹಸುವಿಗೆ ಒಂಬತ್ತು ತಿಂಗಳು ತುಂಬಿತ್ತು. ಎರಡು ದಿನದಿಂದ ಹಿಂಡಿಯನ್ನು ಅರ್ಧಕ್ಕೆ ಬಿಡುತ್ತಿದೆ ಎಂದು ರಕ್ತ ತೆಗೆಸಿ ಪಟ್ಟಣದ ಪ್ರಯೋಗಾಲಯಕ್ಕೆ ಕಳಿಸಿದ್ದರು. ವರದಿಯಲ್ಲಿ ಬಿಳಿ ರಕ್ತಕಣ 13,400 ಎಂದಿತ್ತು. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಹೈ’ ಎಂದು ಅಚ್ಚಾಗಿತ್ತು.

“ಮೇಡಂ, ರಕ್ತದಲ್ಲಿ ಇನ್ಫೆಕ್ಷನ್ ಇದೆಯಂತೆ. ಐದು ದಿನ ಇಂಜೆಕ್ಷನ್ ಹಾಕಿಸ್ಬೇಕು ಅಂದ್ರು. ಒಳಗಿರೋ ಕರುಗೆ ಏನೂ ಆಗಲ್ವಾ?” ಎಂದು ಕೇಳಿದರು.

“ಅಮ್ಮಾ, ಮೊದಲು ಹಸು ನೋಡೋಣ, ನಡೀರಿ” ಎಂದೆ.

ಹಸು ಮಲಗಿ ಮೆಲುಕು ಹಾಕುತ್ತಿತ್ತು. ಜ್ವರ ನೋಡಿದರೆ 101.8 ಡಿಗ್ರಿ. ಕೆಚ್ಚಲು ತುಂಬಿಕೊಂಡಿತ್ತು, ಆದರೆ ಬಿಸಿಯೂ ಇಲ್ಲ, ಮುಟ್ಟಿದರೆ ನೋವೂ ಇಲ್ಲ. ಬಾಲದ ಬುಡದ ಕಟ್ಟುಗಳು ಸಡಿಲವಾಗಿದ್ದವು. ಔಷಧಿ ಏನೂ ಬೇಡ, ದಿನಕ್ಕೆರಡು ಸಲ ಜ್ವರ ನೋಡಿ ಬರೆದಿಡಿ ಎಂದು ಹೇಳಿ ಬಂದೆ. ಎರಡನೇ ದಿನ ಬೆಳಗಿನ ಜಾವ ಹಸು ಸುಖವಾಗಿ ಹೆಣ್ಣುಕರು ಹಾಕಿತು.

ಅದೇ ತಿಂಗಳು ಇನ್ನೊಂದು ಹಳ್ಳಿಯಲ್ಲಿ ಇದಕ್ಕೆ ತದ್ವಿರುದ್ಧವಾದುದು ನಡೆಯಿತು. ಕರು ಹಾಕಿ ನಾಲ್ಕು ದಿನವಾಗಿದ್ದ ಹಸು ಮೇವು ಬಿಟ್ಟಿತ್ತು. ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ 4,200 ಎಂದು ಬಂತು. ವರದಿಯಲ್ಲಿ ‘ನಾರ್ಮಲ್’ ಎಂದಿತ್ತು. ಮನೆಯವರು ಸಮಾಧಾನಪಟ್ಟುಕೊಂಡು ಒಂದು ದಿನ ಕಾದರು. ನನ್ನನ್ನು ಕರೆಸಿದಾಗ ಜ್ವರ 105 ಇತ್ತು. ಒಂದು ಮೊಲೆಯಿಂದ ಹಾಲಿನ ಬದಲು ಹಳದಿ ನೀರು ಬರುತ್ತಿತ್ತು. ತೀವ್ರ ಕೆಚ್ಚಲು ಬಾವು. ಹಸು ಉಳಿಯಿತು, ಆದರೆ ಆ ಮೊಲೆ ಉಳಿಯಲಿಲ್ಲ.

ಎರಡು ಮನೆಗಳಲ್ಲೂ ಕಾಗದ ಹೇಳಿದ್ದು ಒಂದು, ಹಸು ಹೇಳಿದ್ದು ಇನ್ನೊಂದು. ಹೀಗೇಕೆ ಆಗುತ್ತದೆ ಎಂಬುದನ್ನು ತಿಳಿದುಕೊಂಡರೆ ಬೇಡದ ಇಂಜೆಕ್ಷನ್ನಿನ ಖರ್ಚೂ ಉಳಿಯುತ್ತದೆ, ಬೇಕಾದ ಚಿಕಿತ್ಸೆ ತಡವಾಗುವುದೂ ತಪ್ಪುತ್ತದೆ.

ಬಿಳಿ ರಕ್ತಕಣ ಎಂದರೇನು?

ರೋಗಾಣುಗಳ ವಿರುದ್ಧ ಹೋರಾಡುವ ಕಣಗಳೇ ಬಿಳಿ ರಕ್ತಕಣಗಳು. ಇವುಗಳಲ್ಲಿ ಐದು ಬಗೆ ಇವೆ. ನಮಗೆ ಇಲ್ಲಿ ಮುಖ್ಯವಾದವು ಎರಡು. ಸೋಂಕು ತಗುಲಿದ ಜಾಗಕ್ಕೆ ಮೊದಲು ಓಡಿಹೋಗಿ ರೋಗಾಣುವನ್ನು ನುಂಗುವುದು ನ್ಯೂಟ್ರೋಫಿಲ್. ರೋಗವನ್ನು ನೆನಪಿಟ್ಟುಕೊಂಡು ಪ್ರತಿರೋಧ ಬೆಳೆಸುವುದು ಲಿಂಫೋಸೈಟ್.

ಆರೋಗ್ಯವಾಗಿರುವ ದೊಡ್ಡ ಹಸುವಿನ ಒಂದು ಮೈಕ್ರೋಲೀಟರ್ ರಕ್ತದಲ್ಲಿ, ಎಂದರೆ ಒಂದು ಹನಿಗಿಂತ ತುಂಬಾ ಕಡಿಮೆ ಪ್ರಮಾಣದಲ್ಲಿ, ಸಾಮಾನ್ಯವಾಗಿ 4,000ದಿಂದ 12,000 ಬಿಳಿ ರಕ್ತಕಣಗಳಿರುತ್ತವೆ. ಹಸುವಿನಲ್ಲಿ ಲಿಂಫೋಸೈಟ್ ಹೆಚ್ಚು, ನ್ಯೂಟ್ರೋಫಿಲ್ ಕಡಿಮೆ. ಸುಮಾರಾಗಿ ಎರಡು ಲಿಂಫೋಸೈಟಿಗೆ ಒಂದು ನ್ಯೂಟ್ರೋಫಿಲ್ ಎಂದಿಟ್ಟುಕೊಳ್ಳಿ. ಎಮ್ಮೆಯಲ್ಲೂ ಲಿಂಫೋಸೈಟಿನದೇ ಮೇಲುಗೈ. ಮನುಷ್ಯರಲ್ಲಿ ಇದು ತಿರುವುಮುರುವು. ನಮ್ಮ ರಕ್ತದಲ್ಲಿ ನ್ಯೂಟ್ರೋಫಿಲ್ ಹೆಚ್ಚು.

ಮೊದಲ ಎಡವಟ್ಟು ಆಗುವುದು ಇಲ್ಲೇ. ಹಸುವಿನ ರಕ್ತವನ್ನು ಮನುಷ್ಯರ ಪ್ರಯೋಗಾಲಯಕ್ಕೆ ಕೊಟ್ಟರೆ ವರದಿಯ ಬಲಬದಿಯಲ್ಲಿ ಅಚ್ಚಾಗಿ ಬರುವ ‘ಸಾಮಾನ್ಯ ಮಿತಿ’ ಮನುಷ್ಯರದ್ದು. ಪೂರ್ತಿ ಆರೋಗ್ಯವಾಗಿರುವ ಹಸುವಿನ ವರದಿಯಲ್ಲೂ ‘ಲಿಂಫೋಸೈಟ್ ಹೆಚ್ಚು, ನ್ಯೂಟ್ರೋಫಿಲ್ ಕಡಿಮೆ’ ಎಂದು ಬರುತ್ತದೆ. ಅಷ್ಟೇ ಅಲ್ಲ, ಹಸುವಿನ ಕೆಂಪು ರಕ್ತಕಣ ಮನುಷ್ಯರದ್ದಕ್ಕಿಂತ ಚಿಕ್ಕದು. ಮನುಷ್ಯರ ರಕ್ತಕ್ಕೆ ಹೊಂದಿಸಿದ ಯಂತ್ರ ಹಸುವಿನ ಕಣಗಳನ್ನು ತಪ್ಪಾಗಿ ಎಣಿಸಬಹುದು. ಪ್ರಯೋಗಾಲಯದವರನ್ನು ದೂರಬೇಕಿಲ್ಲ. ಅವರ ಯಂತ್ರ ಇರುವುದು ನಮಗಾಗಿ, ನಮ್ಮ ಹಸುವಿಗಾಗಿ ಅಲ್ಲ. ಸಾಧ್ಯವಾದಷ್ಟೂ ಪಶು ಆಸ್ಪತ್ರೆಯ ಮೂಲಕ ಪಶು ಪ್ರಯೋಗಾಲಯಕ್ಕೇ ಮಾದರಿ ಕಳಿಸಿ.

ಕರು ಹಾಕುವ ಹೊತ್ತಿಗೆ ಸಂಖ್ಯೆ ಏರುವುದೇಕೆ?

ಹಸು ಸುಮಾರು 280 ದಿನ, ಎಮ್ಮೆ ಸುಮಾರು 310 ದಿನ ಗಬ್ಬ ಹೊರುತ್ತವೆ. ದಿನ ತುಂಬಿದಾಗ ಹೆರಿಗೆಗೆ ಮೊದಲ ಸೂಚನೆ ಕೊಡುವುದು ತಾಯಿಯಲ್ಲ, ಹೊಟ್ಟೆಯೊಳಗಿನ ಕರು. ಕರುವಿನ ದೇಹದಲ್ಲಿ ಕಾರ್ಟಿಸೋಲ್ ಎಂಬ ಹಾರ್ಮೋನು ಹೆಚ್ಚಾಗಿ ಹೆರಿಗೆಯ ಕೆಲಸ ಶುರುವಾಗುತ್ತದೆ. ಹೆರಿಗೆಯ ಹೊತ್ತಿಗೆ ತಾಯಿಯ ರಕ್ತದಲ್ಲೂ ಕಾರ್ಟಿಸೋಲ್ ಏರುತ್ತದೆ.

ಸಾಮಾನ್ಯ ದಿನಗಳಲ್ಲಿ ಒಂದಷ್ಟು ನ್ಯೂಟ್ರೋಫಿಲ್‌ಗಳು ರಕ್ತನಾಳದ ಗೋಡೆಗೆ ಅಂಟಿಕೊಂಡಿರುತ್ತವೆ. ಅವು ಎಣಿಕೆಗೆ ಸಿಗುವುದಿಲ್ಲ. ಕಾರ್ಟಿಸೋಲ್ ಏರಿದಾಗ ಅವು ಗೋಡೆ ಬಿಟ್ಟು ಹರಿಯುವ ರಕ್ತಕ್ಕೆ ಇಳಿಯುತ್ತವೆ. ಜಾತ್ರೆಯ ದಿನ ಮನೆಯೊಳಗಿದ್ದವರೆಲ್ಲ ಬೀದಿಗೆ ಬಂದರೆ ಊರಿನಲ್ಲಿ ಜನ ಹೆಚ್ಚಾದಂತೆ ಕಾಣುವುದಿಲ್ಲವೇ, ಹಾಗೆಯೇ ಇದು. ಇದರಿಂದ ಕರು ಹಾಕುವ ದಿನದ ಆಸುಪಾಸಿನಲ್ಲಿ ನ್ಯೂಟ್ರೋಫಿಲ್ ಹೆಚ್ಚಾಗಿ, ಲಿಂಫೋಸೈಟ್ ಕಡಿಮೆಯಾಗುತ್ತದೆ. ಒಟ್ಟು ಸಂಖ್ಯೆ 12,000 ದಾಟಿ ಸ್ವಲ್ಪ ಮೇಲೆ ಹೋಗುವುದೂ ಉಂಟು. ಕರು ಹಾಕಿದ ಮೇಲೆ ತಾನಾಗಿಯೇ ಇಳಿಯುತ್ತದೆ.

ಕಾರ್ಟಿಸೋಲ್ ಮಾತ್ರವಲ್ಲ, ಗಾಬರಿಯೂ ಸಂಖ್ಯೆಯನ್ನು ಏರಿಸುತ್ತದೆ. ಆ ಅಮ್ಮನ ಹಸುವನ್ನು ನಡುಮಧ್ಯಾಹ್ನ ನಾಲ್ಕು ಜನ ಹಿಡಿದು, ಮೂಗುದಾರ ಎಳೆದು ರಕ್ತ ತೆಗೆದಿದ್ದರಂತೆ. ದಿನ ತುಂಬಿದ ಹಸು, ಸುಡುಬಿಸಿಲು, ಎಳೆದಾಟ. 13,400 ಬಂದಿದ್ದರಲ್ಲಿ ಆಶ್ಚರ್ಯವಿಲ್ಲ.

ನಮ್ಮಲ್ಲೂ ಹೀಗೆಯೇ ಇದೆ. ನಾನು ಬಸುರಿಯಾಗಿದ್ದಾಗ ಎಂಟನೇ ತಿಂಗಳ ವರದಿಯಲ್ಲಿ ನನ್ನ ಬಿಳಿ ರಕ್ತಕಣ 13,000 ದಾಟಿತ್ತು. ಹಸುವಿನ ವರದಿಗಳನ್ನು ದಿನಾ ನೋಡುವ ನಾನೇ ಗಾಬರಿಯಾಗಿದ್ದೆ. ನನ್ನ ವೈದ್ಯೆ ನಕ್ಕು, “ಜ್ವರ ಇಲ್ಲ, ಉರಿಮೂತ್ರ ಇಲ್ಲ, ಕೊನೆಯ ತಿಂಗಳುಗಳಲ್ಲಿ ಇಷ್ಟಿರುವುದು ಸಹಜ” ಎಂದರು. ಮನೆಯಲ್ಲಿ ಬಸುರಿ ಮಗಳೋ ಸೊಸೆಯೋ ಇದ್ದರೆ ಅವರ ವರದಿಯನ್ನು ಅವರ ವೈದ್ಯರಿಗೇ ತೋರಿಸಿ. ಸಂಖ್ಯೆ ನೋಡಿ ನೀವೇ ಹೆದರಬೇಡಿ, ನೀವೇ ಸಮಾಧಾನವನ್ನೂ ಹೇಳಿಕೊಳ್ಳಬೇಡಿ.

ಸಂಖ್ಯೆ ಹೆಚ್ಚು, ಶಕ್ತಿ ಕಡಿಮೆ

ಇಲ್ಲಿ ಒಂದು ಮಾತನ್ನು ಗಮನವಿಟ್ಟು ಓದಿ. ರಕ್ತನಾಳದ ಗೋಡೆ ಬಿಟ್ಟ ನ್ಯೂಟ್ರೋಫಿಲ್‌ಗಳು ರಕ್ತದಲ್ಲಿ ಸುತ್ತುತ್ತವೆಯೇ ಹೊರತು ಕೆಚ್ಚಲಿಗೆ, ಗರ್ಭಕೋಶಕ್ಕೆ ಸುಲಭವಾಗಿ ಇಳಿಯುವುದಿಲ್ಲ. ಒಳಗೆ ಇಳಿಯಬೇಕಾದರೆ ಮೊದಲು ಗೋಡೆಗೆ ಅಂಟಲೇಬೇಕು. ಅಂಟುವ ಗುಣವನ್ನೇ ಕಾರ್ಟಿಸೋಲ್ ಕಡಿಮೆ ಮಾಡಿರುತ್ತದೆ. ಆದ್ದರಿಂದ ಕರು ಹಾಕುವ ಸಮಯದಲ್ಲಿ ವರದಿಯಲ್ಲಿ ಕಣಗಳು ಹೆಚ್ಚಿದ್ದರೂ ಹಸುವಿನ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ಕೆಚ್ಚಲು ಬಾವು, ಗರ್ಭಕೋಶದ ಸೋಂಕು ಕರು ಹಾಕಿದ ಮೊದಲ ವಾರಗಳಲ್ಲೇ ಹೆಚ್ಚು ಕಾಣಿಸುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಸಂಗತಿ. ನ್ಯೂಟ್ರೋಫಿಲ್ ತಯಾರಾಗುವುದು ಮೂಳೆಯ ಮಜ್ಜೆಯಲ್ಲಿ. ಹಸುವಿನ ಮಜ್ಜೆಯಲ್ಲಿ ಇದರ ದಾಸ್ತಾನು ಕಡಿಮೆ. ಏಕಾಏಕಿ ತೀವ್ರ ಸೋಂಕು ತಗುಲಿದಾಗ ಇದ್ದ ಕಣಗಳೆಲ್ಲ ಕೆಚ್ಚಲಿನತ್ತ ಖರ್ಚಾಗಿ ರಕ್ತದಲ್ಲಿ ಸಂಖ್ಯೆ ಏರುವ ಬದಲು ಕುಸಿಯುತ್ತದೆ. 4,000ಕ್ಕಿಂತ ಕೆಳಗೂ ಹೋಗಬಹುದು. ಮಜ್ಜೆ ಹೊಸ ಕಣಗಳನ್ನು ತಯಾರಿಸಿ ಕಳಿಸಲು ಎರಡು ಮೂರು ದಿನ ಬೇಕು. ಎರಡನೇ ಮನೆಯ ಹಸುವಿನ 4,200 ಎಂಬುದು ಸುಖದ ಸಂಖ್ಯೆಯಾಗಿರಲಿಲ್ಲ. ಇಳಿಯುತ್ತಾ ಇದ್ದ ಸಂಖ್ಯೆಯಾಗಿತ್ತು.

ಹಾಗಾಗಿ ತುಂಬು ಗಬ್ಬದಲ್ಲಿ ಮತ್ತು ಕರು ಹಾಕಿದ ಹೊಸತರಲ್ಲಿ ‘ಹೈ’ ಎಂದರೆ ಸೋಂಕು ಇದೆ ಎಂದಲ್ಲ, ‘ನಾರ್ಮಲ್’ ಎಂದರೆ ಸೋಂಕು ಇಲ್ಲ ಎಂದೂ ಅಲ್ಲ.

ಬೇರೆ ಪರೀಕ್ಷೆಗಳು ಏನು ಹೇಳುತ್ತವೆ?

ಕೊರೊನಾ ಕಾಲದಲ್ಲಿ ನೀವೆಲ್ಲ ಸಿಆರ್‌ಪಿ ಎಂಬ ಪರೀಕ್ಷೆಯ ಹೆಸರು ಕೇಳಿದ್ದೀರಿ. ಮನುಷ್ಯರಲ್ಲಿ ಸೋಂಕು, ಉರಿಯೂತ ಇದ್ದಾಗ ಅದು ಏರುತ್ತದೆ. ಹಸುವಿನಲ್ಲಿ ಆ ಪರೀಕ್ಷೆಯಿಂದ ಹೆಚ್ಚು ಪ್ರಯೋಜನವಿಲ್ಲ, ಅದಕ್ಕೆ ಹಣ ಕಳೆಯಬೇಡಿ. ಹಸುವಿನಲ್ಲಿ ಆ ಕೆಲಸ ಮಾಡುವುದು ಹ್ಯಾಪ್ಟೊಗ್ಲೋಬಿನ್ ಎಂಬ ಪ್ರೋಟೀನು. ಆರೋಗ್ಯವಾಗಿರುವ ಹಸುವಿನ ರಕ್ತದಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ. ಕರು ಹಾಕಿದ ಮೊದಲ ಕೆಲವು ದಿನ ಸೋಂಕಿಲ್ಲದಿದ್ದರೂ ಸ್ವಲ್ಪ ಏರಿ ಇಳಿಯುತ್ತದೆ. ಗರ್ಭಕೋಶದ ಸೋಂಕಿದ್ದರೆ ಹೆಚ್ಚು ಏರುತ್ತದೆ. ಇದು ಹಳ್ಳಿ ಮಟ್ಟದಲ್ಲಿ ದಿನನಿತ್ಯ ಮಾಡುವ ಪರೀಕ್ಷೆಯಲ್ಲ. ಆದರೂ ಒಂದು ಪಾಠ ಇದೆ: ಯಾವ ಪರೀಕ್ಷೆಯಾದರೂ ಹೆರಿಗೆಯ ದಿನಗಳಲ್ಲಿ ಅದರ ಲೆಕ್ಕವೇ ಬೇರೆ.

ಕಂದು ರೋಗದ (ಬ್ರುಸೆಲ್ಲೋಸಿಸ್) ರಕ್ತ ಪರೀಕ್ಷೆಗೂ ಇದೇ ಮಾತು. ಗಬ್ಬದ ಕೊನೆಯ ವಾರಗಳಲ್ಲಿ ತಾಯಿಯ ರಕ್ತದಲ್ಲಿರುವ ರೋಗ ಪ್ರತಿಕಾಯಗಳು ಗಿಣ್ಣುಹಾಲು ಸೇರಲು ಕೆಚ್ಚಲಿಗೆ ಇಳಿಯುತ್ತವೆ. ಕರುವಿನ ಮಟ್ಟಿಗೆ ಇದು ವರ. ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ ಎಂದು ನಾವು ಹೇಳುವುದು ಇದಕ್ಕೇ. ಆದರೆ ಆ ದಿನಗಳಲ್ಲಿ ರಕ್ತದಲ್ಲಿ ಪ್ರತಿಕಾಯ ಕಡಿಮೆ ಇರುವುದರಿಂದ, ರೋಗವಿದ್ದರೂ ಪರೀಕ್ಷೆಯಲ್ಲಿ ‘ಇಲ್ಲ’ ಎಂದು ಬರಬಹುದು. ಕಂದು ಹಾಕಿದ ಹಸುವಿನ ಪರೀಕ್ಷೆ ‘ಇಲ್ಲ’ ಎಂದು ಬಂದರೆ ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿ. ಈ ರೋಗ ಮನುಷ್ಯರಿಗೂ ಬರುತ್ತದೆ. ಕರು ಎಳೆಯುವಾಗ, ಕಸ (ಸತ್ತೆ) ಎತ್ತುವಾಗ ಬರಿಗೈ ಬಳಸಬೇಡಿ, ಕೈಗವಸು ಇರಲಿ. ಮನೆಯಲ್ಲಿ ಬಸುರಿಯರಿದ್ದರೆ ಈ ಕೆಲಸಕ್ಕೆ ಅವರನ್ನು ಬಿಡಲೇಬೇಡಿ.

ಒಂದು ರಕ್ತ ಪರೀಕ್ಷೆಯನ್ನು ಮಾತ್ರ ತುಂಬು ಗಬ್ಬದಲ್ಲೂ ಬಿಡುವಂತಿಲ್ಲ. ಅದು ಉಣ್ಣೆಯಿಂದ ಬರುವ ರಕ್ತ ರೋಗಗಳ ಪರೀಕ್ಷೆ. ಮಿಶ್ರತಳಿ ಹಸುಗಳಲ್ಲಿ ಥೈಲೇರಿಯಾದಂಥ ರೋಗ ಗಬ್ಬದ ಕೊನೆಯಲ್ಲಿ, ಕರು ಹಾಕಿದ ಹೊಸತರಲ್ಲಿ ತಲೆಯೆತ್ತುವುದುಂಟು. ಜ್ವರ 104 ದಾಟಿ, ಭುಜದ ಮುಂದೆ ಗಂಟು ಊದಿ, ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡರೆ ಅಥವಾ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ತಕ್ಷಣ ವೈದ್ಯರನ್ನು ಕರೆಸಿ. ಅಲ್ಲಿ ಬೇಕಾಗಿರುವುದು ಕಣಗಳ ಎಣಿಕೆಯಲ್ಲ. ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ರೋಗಾಣುವನ್ನೇ ಹುಡುಕಬೇಕು.

ನಿಮ್ಮ ಕೈಯಲ್ಲಿರುವ ಪರೀಕ್ಷೆ: ಥರ್ಮಾಮೀಟರ್

ರಕ್ತ ವರದಿಗಿಂತ ಮೊದಲು ಕೇಳಬೇಕಾದ್ದು ಜ್ವರ ಎಷ್ಟು ಎಂಬುದನ್ನು. ಒಂದು ಡಿಜಿಟಲ್ ಥರ್ಮಾಮೀಟರನ್ನು ಕೊಟ್ಟಿಗೆಗೆಂದೇ ಇಟ್ಟುಕೊಳ್ಳಿ. ಅದನ್ನು ಮನೆಯವರಿಗೆ ಬಳಸಬೇಡಿ. ತುದಿಗೆ ಸ್ವಲ್ಪ ಎಣ್ಣೆ ಸವರಿ, ಸಗಣಿ ಹಾಕುವ ದ್ವಾರದೊಳಗೆ ಪಕ್ಕದ ಗೋಡೆಗೆ ತಾಗುವಂತೆ ಇಟ್ಟು, ಸದ್ದು ಬರುವವರೆಗೆ ಹಿಡಿದುಕೊಳ್ಳಿ. ಸಗಣಿಯ ಮುದ್ದೆಯೊಳಗೆ ಚುಚ್ಚಿದರೆ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ ಬಿಸಿಲೇರುವ ಮೊದಲು ಮತ್ತು ಸಂಜೆ ತಂಪಾದ ಮೇಲೆ ನೋಡಿ. ಬೇಸಿಗೆಯ ಮಧ್ಯಾಹ್ನ ಆರೋಗ್ಯದ ಹಸುವಿನ ಮೈಯೂ ಬಿಸಿಯಿರುತ್ತದೆ.

ದೊಡ್ಡ ಹಸುವಿಗೆ 101ರಿಂದ 102.5 ಡಿಗ್ರಿ ಸಹಜ. ತುಂಬು ಗಬ್ಬದಲ್ಲಿ ಈ ಮಿತಿಯ ಮೇಲಿನ ಅಂಚಿನಲ್ಲಿರುವುದು ಸಾಮಾನ್ಯ. ಕರು ಹಾಕುವ ಹಿಂದಿನ ದಿನ ಅರ್ಧದಿಂದ ಒಂದು ಡಿಗ್ರಿ ಇಳಿಯುತ್ತದೆ. ಕೊನೆಯ ವಾರ ದಿನವೂ ಬರೆದಿಟ್ಟಿದ್ದರೆ ಈ ಇಳಿಕೆ ನಿಮಗೇ ಗೊತ್ತಾಗುತ್ತದೆ, ರಾತ್ರಿ ಎಚ್ಚರವಾಗಿರಬಹುದು.

ಜ್ವರದ ಜೊತೆಗೆ ಇವನ್ನೂ ನೋಡಿ:

1. ಮೇವು ಮತ್ತು ಮೆಲುಕು. ಕೊನೆಯ ದಿನಗಳಲ್ಲಿ ಮೇವು ಸ್ವಲ್ಪ ಕಡಿಮೆಯಾಗುವುದು ಸಹಜ. ಪೂರ್ತಿ ಬಿಟ್ಟರೆ, ಮೆಲುಕು ನಿಂತರೆ ಸಹಜವಲ್ಲ.

2. ಕೆಚ್ಚಲು. ಚೊಚ್ಚಲು ಕಡಸುಗಳಲ್ಲಿ ಕರು ಹಾಕುವ ಮೊದಲು ಕೆಚ್ಚಲು ನೀರು ತುಂಬಿ ಊದುತ್ತದೆ. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ, ನೋವಿರುವುದಿಲ್ಲ. ಇದು ಬಾವು ಅಲ್ಲ. ಒಂದೇ ಭಾಗ ಬಿಸಿಯಾಗಿ, ಗಟ್ಟಿಯಾಗಿ, ಮುಟ್ಟಲು ಬಿಡದಿದ್ದರೆ ಅದು ಬಾವು.

3. ಯೋನಿಯಿಂದ ಬರುವ ಸ್ರಾವ. ಗಾಜಿನಂತೆ ಅಂಟಂಟಾದ ಲೋಳೆ ಸಹಜ. ಕೀವು, ಕೆಟ್ಟ ವಾಸನೆ ಸಹಜವಲ್ಲ.

4. ಕಸ. ಕರು ಹಾಕಿದ 12 ಗಂಟೆಯೊಳಗೆ ಬೀಳಬೇಕು. ಬೀಳದಿದ್ದರೆ ಎಳೆಯಬೇಡಿ, ಕಲ್ಲು ಕಟ್ಟಬೇಡಿ, ವೈದ್ಯರಿಗೆ ತಿಳಿಸಿ.

ಕರು ಹಾಕಿದ ಮೇಲೆ ಮೊದಲ 10 ದಿನ ಬೆಳಿಗ್ಗೆ ಜ್ವರ ನೋಡುವುದನ್ನು ತಪ್ಪಿಸಬೇಡಿ. 103 ದಾಟಿದರೆ ಅದೇ ದಿನ ವೈದ್ಯರಿಗೆ ಹೇಳಿ. ಮೈ ತಣ್ಣಗಾಗಿ, ಕಿವಿ ತಣ್ಣಗಾಗಿ ಹಸು ಮೇಲೇಳದಿದ್ದರೆ ಅದೂ ತುರ್ತೇ. ‘ಹಾಲು ಜ್ವರ’ ಎಂದು ಹೆಸರಿದ್ದರೂ ಅದರಲ್ಲಿ ಜ್ವರ ಇರುವುದಿಲ್ಲ, ಆಗಿರುವುದು ಕ್ಯಾಲ್ಸಿಯಂ ಕೊರತೆ. ತೀವ್ರ ಕೆಚ್ಚಲು ಬಾವಿನಲ್ಲೂ ಕೊನೆಗೆ ಮೈ ತಣ್ಣಗಾಗುತ್ತದೆ. ಎರಡನ್ನೂ ಬೇರ್ಪಡಿಸಿ ನೋಡಬೇಕಾದವರು ವೈದ್ಯರು.

ಬೇಡದ ಇಂಜೆಕ್ಷನ್ನಿನಿಂದ ಆಗುವ ನಷ್ಟ

“ಹಾಕಿಸಿದ್ರೆ ಒಳ್ಳೇದೇ ಅಲ್ವಾ ಮೇಡಂ, ನಷ್ಟ ಏನು?” ಎಂದು ನೀವು ಕೇಳಬಹುದು. ನಷ್ಟ ಇದೆ. ಆಂಟಿಬಯೋಟಿಕ್‌ನ ಖರ್ಚು ಒಂದು ಕಡೆ. ಕರು ಹಾಕುವ ಮುಂಚಿನ ದಿನಗಳಲ್ಲಿ ಹಾಕಿಸಿದ್ದರ ಅಂಶ ಹೊಸ ಹಾಲಿನಲ್ಲೂ ಇಳಿಯಬಹುದು. ಆ ಹಾಲನ್ನು ಸಂಘಕ್ಕೆ ಹಾಕುವಂತಿಲ್ಲ, ಹಾಕಿದರೆ ಎಲ್ಲರ ಹಾಲೂ ಕೆಡುತ್ತದೆ. ಬೇಡದಿದ್ದಾಗ ಪದೇ ಪದೇ ಬಳಸಿದರೆ ರೋಗಾಣುಗಳು ಔಷಧಿಗೆ ಜಗ್ಗದಂತಾಗಿ, ನಿಜವಾಗಿ ಬೇಕಾದ ದಿನ ಅದು ಕೆಲಸ ಮಾಡುವುದಿಲ್ಲ.

ಇನ್ನೂ ದೊಡ್ಡ ಅಪಾಯ ಸ್ಟೀರಾಯ್ಡ್ ಇಂಜೆಕ್ಷನ್. ಬೇಗ ಮೇವು ತಿನ್ನಲಿ ಎಂದು ಕೆಲವರು ಹಾಕುವುದುಂಟು. ಇದು ಕಾರ್ಟಿಸೋಲ್‌ನಂತೆಯೇ ಕೆಲಸ ಮಾಡುತ್ತದೆ. ತುಂಬು ಗಬ್ಬದ ಹಸುವಿಗೆ ಹಾಕಿದರೆ ದಿನ ತುಂಬುವ ಮೊದಲೇ ಕರು ಹಾಕಿಸಿಬಿಡಬಹುದು. ಯಾರೇ ಇಂಜೆಕ್ಷನ್ ಕೊಡಲು ಬಂದರೂ “ಹಸು ಇಷ್ಟು ತಿಂಗಳ ಗಬ್ಬ” ಎಂದು ಮೊದಲು ಹೇಳಿ, ಯಾವ ಔಷಧಿ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.

ರಕ್ತ ಪರೀಕ್ಷೆ ಮಾಡಿಸಲೇಬೇಕಾದಾಗ

ರಕ್ತ ಪರೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ವೈದ್ಯರು ಹಸುವನ್ನು ನೋಡಿ ಬೇಕೆಂದಾಗ ಖಂಡಿತ ಮಾಡಿಸಿ. ಬೆಳಿಗ್ಗೆ ತಂಪು ಹೊತ್ತಿನಲ್ಲಿ, ಹಸುವನ್ನು ಓಡಿಸದೆ, ಅದಕ್ಕೆ ಪರಿಚಯವಿರುವ ನೀವೇ ಹಿಡಿದು ನಿಲ್ಲಿಸಿ. ಮಾದರಿಯ ಚೀಟಿಯ ಮೇಲೆ ಗಬ್ಬ ಕಟ್ಟಿಸಿದ ದಿನಾಂಕ ಅಥವಾ ಕರು ಹಾಕಿದ ದಿನಾಂಕ, ಅವತ್ತಿನ ಜ್ವರ, ಈಗಾಗಲೇ ಕೊಟ್ಟ ಔಷಧಿ, ಈ ಮೂರನ್ನೂ ಬರೆಸಿ. ಈ ಮೂರು ಇಲ್ಲದ ವರದಿಯನ್ನು ಓದುವುದು ನಮಗೂ ಕಷ್ಟ.

ಆ ಅಮ್ಮ ಈಗ ಕೊಟ್ಟಿಗೆಯ ಗೋಡೆಗೆ ಕ್ಯಾಲೆಂಡರ್ ನೇತುಹಾಕಿ, ಗಬ್ಬದ ಹಸುವಿನ ಜ್ವರವನ್ನು ದಿನಾಂಕದ ಕೆಳಗೇ ಬರೆದಿಡುತ್ತಾರೆ. ಮೊನ್ನೆ ಫೋನ್ ಮಾಡಿದವರು ಹಸು ಮಂಕಾಗಿದೆ ಎಂದಷ್ಟೇ ಹೇಳಲಿಲ್ಲ. “ಕರು ಹಾಕಿ ಐದು ದಿನ, ನಿನ್ನೆ 102, ಇವತ್ತು 103.6, ಕೆಚ್ಚಲು ಚೆನ್ನಾಗಿದೆ, ಕೆಳಗಡೆ ವಾಸನೆ ಇದೆ” ಎಂದರು. ಗರ್ಭಕೋಶದ ಸೋಂಕು ಎಂದು ನನಗೆ ದಾರಿಯಲ್ಲೇ ಅಂದಾಜು ಸಿಕ್ಕಿತು. ಅದೇ ದಿನ ಚಿಕಿತ್ಸೆ ಶುರುವಾಯಿತು, ಹಸು ಬೇಗ ಚೇತರಿಸಿಕೊಂಡಿತು. ಈ ಸಲ ಇಂಜೆಕ್ಷನ್ ಬೇಕಿತ್ತು, ಕೊಟ್ಟೆವು.

ನಿಮ್ಮ ಹಸು ತುಂಬು ಗಬ್ಬದಲ್ಲಿದ್ದರೆ ಇವತ್ತಿನಿಂದಲೇ ಬರೆಯಲು ಶುರುಮಾಡಿ. ಅನುಮಾನವಿದ್ದರೆ ಸಂಘದ ಕಾರ್ಯದರ್ಶಿಯವರ ಮೂಲಕ ಒಕ್ಕೂಟದ ಪಶುವೈದ್ಯರನ್ನು ಸಂಪರ್ಕಿಸಿ, ತುರ್ತು ಇದ್ದರೆ 1962 ಸಹಾಯವಾಣಿಗೆ ಕರೆ ಮಾಡಿ.

– ಪಶುವೈದ್ಯಾಧಿಕಾರಿ